ನಲವತ್ತನ್ನು ಎಂಟರಿಂದ ಭಾಗಿಸಿ

ಮಹಾನಂದಾ ಹುನಗುಂದದ ಕಡೆಯ ಹುಡುಗಿ. ಬಿ.ಎ. ಮುಗಿಸಿ ಬೆಂಗಳೂರಿಗೆ ಬಂದವಳು ಬೊಮ್ಮಸಂದ್ರದಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುವ ಅಕ್ಕ ಶೇಖವ್ವನ ಬಾಡಿಗೆ ಕೋಣೆಯಲ್ಲಿ ಉಳಿದುಕೊಂಡಳು. ಮನೆಗಳಿಗೆ ಇಂಟರ್‌ನೆಟ್ ಕೊಡುವ ಕಂಪನಿಯೊಂದು ಎಲೆಕ್ಟ್ರಾನಿಕ್ ಸಿಟಿಯ ತನ್ನ ಆಫೀಸಿನಲ್ಲಿ ಕನ್ನಡದ ಗ್ರಾಹಕರ ದೂರು ಕೇಳಲು ಜನ ಹುಡುಕುತ್ತಿತ್ತು. ಇವಳ ದನಿ ಸ್ಪಷ್ಟವಾಗಿತ್ತು, ಕೆಲಸ ಸಿಕ್ಕಿತು. ಸೇರಿದ ದಿನವೇ ಟೀಮ್ ಲೀಡರ್ ಪ್ರಸನ್ನ, “ನಿಮ್ಮ ಹಂಗ, ಹಿಂಗ ಎಲ್ಲಾ ಗೇಟಿನ ಹೊರಗಡೆ ಬಿಟ್ಬನ್ನಿ ಮಹಾನಂದಾ. ಇಲ್ಲಿ ಬೆಂಗಳೂರು ಕನ್ನಡ ಬೇಕು” ಎಂದ. ಅವಳು ನಕ್ಕು ತಲೆಯಾಡಿಸಿದಳು. ಆ ನಗೆಯನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೇ ಅಸಹ್ಯ.

ಮೊದಮೊದಲು ಕೆಲಸ ಹಿಡಿಸಿತು. ಬರುತ್ತಿದ್ದ ಕರೆಗಳಲ್ಲಿ ಅರ್ಧದಷ್ಟು ಒಂದೇ ತಕರಾರು: ನೂರರ ಸ್ಪೀಡು ಅಂತ ಹೇಳಿ ಕೊಟ್ಟಿದ್ದೀರಿ, ಸಿನಿಮಾ ಡೌನ್‌ಲೋಡ್ ಮಾಡಿದರೆ ಹನ್ನೆರಡು ತೋರಿಸುತ್ತದೆ, ಇದು ಮೋಸ. ಮೋಸವಲ್ಲ ಎಂದು ತರಬೇತಿಯಲ್ಲಿ ಕಲಿಸಿದ್ದರು. ಕಂಪನಿ ವೇಗವನ್ನು ಹೇಳುವುದು ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಮಹಾನಂದಾ ಅದನ್ನು ತನ್ನದೇ ರೀತಿಯಲ್ಲಿ ಬಿಡಿಸಿ ಹೇಳುತ್ತಿದ್ದಳು. “ಒಂದು ರೊಟ್ಟೀನ ಎಂಟು ಚೂರು ಮಾಡ್ತೀರಿ ಅನ್ಕೊಳ್ಳಿ ಸಾರ್. ನಾವು ಚೂರು ಎಣಿಸ್ತೀವಿ, ನಿಮ್ಮ ಕಂಪ್ಯೂಟರ್ ರೊಟ್ಟಿ ಎಣಿಸುತ್ತೆ. ನೂರನ್ನ ಎಂಟರಿಂದ ಭಾಗಿಸಿ, ಹನ್ನೆರಡೂವರೆ. ಸರಿಹೋಯ್ತಲ್ಲ?” ಜಗಳಕ್ಕೆಂದೇ ಫೋನ್ ಮಾಡಿದವರು ನಕ್ಕು ಇಡುತ್ತಿದ್ದರು. ಅವಳಿಗೂ ಯಾರಿಗೋ ಏನೋ ತಿಳಿಸಿಕೊಟ್ಟ ಹಿಗ್ಗು.

ಕೆಲವು ತಿಂಗಳಾದ ಮೇಲೆ ಪ್ರಸನ್ನ ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದ. “ಸ್ಪೀಡ್ ಕಂಪ್ಲೇಂಟ್ ಏನೇ ಬರಲಿ, ಎಂಟರಿಂದ ಭಾಗಿಸಿ ಅನ್ನಿ, ಕ್ಲೋಸ್ ಮಾಡಿ. ಲೈನ್‌ಮ್ಯಾನ್ ಕಳಿಸ್ತೀವಿ ಅಂತ ಮಾತ್ರ ಯಾರೂ ಬಾಯಿ ಬಿಡಬೇಡಿ.”

“ನಿಜವಾಗ್ಲೂ ಲೈನ್ ಕೆಟ್ಟಿದ್ರೆ ಸಾರ್?” ಎಂದಳು ಮಹಾನಂದಾ.

“ಕೆಟ್ಟಿದ್ಯೋ ಇಲ್ವೋ ಅವರಿಗೇನ್ ಗೊತ್ತಾಗುತ್ತೆ? ಬಿಟ್ ಯಾವ್ದು ಬೈಟ್ ಯಾವ್ದು ಅನ್ನೋದೇ ಅರ್ಧ ಜನಕ್ಕೆ ಗೊತ್ತಿಲ್ಲ” ಎಂದು ಅವನು ನಕ್ಕ. ರೂಮಿನಲ್ಲಿದ್ದವರೂ ನಕ್ಕರು. ಏಸಿಯ ತಂಪಿನಲ್ಲಿ ಯಾರದೋ ಟಿಫಿನ್ ಡಬ್ಬಿಯ ಹಳಸಿದ ವಾಸನೆ ಸುತ್ತುತ್ತಿತ್ತು. ಮಹಾನಂದಾ ಮೂಗು ಮುಚ್ಚಿಕೊಂಡಳು.

ಹೂಡಿಯ ಯಮುನಾ ಎಂಬಾಕೆಯ ಕರೆ ಬಂದದ್ದು ಆ ವಾರವೇ. ಕಿವಿ ಕೇಳಿಸದ ಮಕ್ಕಳಿಗೆ ಮನೆಯಿಂದಲೇ ವಿಡಿಯೋದಲ್ಲಿ ಕೈಸನ್ನೆಯ ಪಾಠ ಹೇಳಿಕೊಡುವವರು. “ಮಾತಾದ್ರೆ ತುಂಡುತುಂಡಾಗಿ ಕೇಳಿಸಿದ್ರೂ ಹೆಂಗೋ ಅರ್ಥ ಮಾಡ್ಕೋಬಹುದು ಮೇಡಂ. ನಮ್ಮದು ಕೈ. ಅರ್ಧದಲ್ಲಿ ಚಿತ್ರ ನಿಂತ್ರೆ ಮಕ್ಕಳಿಗೆ ಏನೂ ತಿಳಿಯಲ್ಲ, ಸುಮ್ನೆ ನನ್ನ ಮುಖ ನೋಡ್ತಾ ಕೂತ್ಬಿಡ್ತವೆ. ನಲವತ್ತರ ಪ್ಲಾನ್ ಇದೆ, ಟೆಸ್ಟ್ ಮಾಡಿದ್ರೆ ಐದು ಬರುತ್ತೆ. ಪಾಠದ ಹೊತ್ತಿಗೆ ಒಂದಕ್ಕೂ ಇಳಿಯುತ್ತೆ.”

ಸ್ಪೀಡ್ ಟೆಸ್ಟ್ ತೋರಿಸುವುದೂ ಮೆಗಾಬಿಟ್‌ನಲ್ಲೇ. ಅದನ್ನು ಭಾಗಿಸುವ ಪ್ರಶ್ನೆಯೇ ಇಲ್ಲ. ನಲವತ್ತು ಬರಬೇಕಾದಲ್ಲಿ ಬರೀ ಐದು ಬರುತ್ತಿತ್ತು. ಮಹಾನಂದಾಳ ಪರದೆಯ ಮೇಲೂ ಆ ಬೀದಿಯ ಮನೆಗಳಿಗೆ ಲೈನ್ ಹಂಚುವ ಪೆಟ್ಟಿಗೆ ಕೆಟ್ಟಿರುವ ಕೆಂಪು ಗುರುತು ಕಾಣುತ್ತಿತ್ತು. ಆದರೆ ನಲವತ್ತನ್ನು ಎಂಟರಿಂದ ಭಾಗಿಸಿದರೆ ಸರಿಯಾಗಿ ಐದು! ಬೆನ್ನ ಹಿಂದೆಯೇ ನಿಂತು ಕರೆ ಕೇಳುತ್ತಿದ್ದ ಪ್ರಸನ್ನ ಎಂಟು ಬೆರಳು ಎತ್ತಿ ತೋರಿಸಿದ.

ಅವಳು ಹೇಳಿದಳು. ಚೂರಿನ ಕಥೆ, ರೊಟ್ಟಿಯ ಕಥೆ, ಎಲ್ಲ ಹೇಳಿದಳು. ಅದೇ ಮಾತು, ಅದೇ ಸಿಹಿ ದನಿ.

ಯಮುನಾ, “ಅಯ್ಯೋ, ನನಗಿದು ಗೊತ್ತೇ ಇರಲಿಲ್ಲ. ಸುಮ್ನೆ ನಿಮ್ಮ ಟೈಮ್ ಹಾಳು ಮಾಡ್ದೆ, ಸಾರಿ ಮೇಡಂ. ನಾನೇ ಬೇರೆ ಏನಾದ್ರೂ ದಾರಿ ನೋಡ್ಕೋತೀನಿ” ಎಂದರು.

ಬೈದಿದ್ದರೆ ಆಗುತ್ತಿತ್ತು. ಆಕೆ ಕ್ಷಮೆ ಕೇಳಿದರು! ಮಹಾನಂದಾ ಹೆಡ್‌ಫೋನ್ ಕಿತ್ತಿಟ್ಟು ಟಾಯ್ಲೆಟ್ಟಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಎಷ್ಟು ಮುಕ್ಕಳಿಸಿದರೂ ನಾಲಿಗೆಯ ಮೇಲೆ ಏನೋ ಜಿಡ್ಡು ಉಳಿದಂತೆಯೇ ಇತ್ತು.

ತಿಂಗಳ ಕೊನೆಯಲ್ಲಿ, ಅತಿ ಹೆಚ್ಚು ದೂರು ಮುಗಿಸಿದವಳೆಂದು ಅವಳ ಹೆಸರಲ್ಲೇ ಕೇಕ್ ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಸನ್ನ ಒಂದು ತುಂಡು ಹಿಡಿದು ಅವಳ ಬಾಯಿಗೆ ತುರುಕಿದ, ಕ್ರೀಮು ಕೆನ್ನೆಗೆಲ್ಲ ಮೆತ್ತಿತು. ಉಗಿಯಬೇಕೆನಿಸಿತು, ನುಂಗಿದಳು. ನುಂಗಿದ್ದಕ್ಕೆ ಇನ್ನಷ್ಟು ಹೇಸಿಗೆಯಾಯಿತು. ಕರ್ಚೀಫಿನಿಂದ ಮುಖ ಒರೆಸಿಕೊಂಡು ತನ್ನ ಜಾಗಕ್ಕೆ ಬಂದು ಕೂತವಳು ಯಮುನಾ ಅವರ ನಂಬರ್ ಹುಡುಕಿ ತಾನೇ ಕರೆ ಮಾಡಿದಳು. ಅಲ್ಲಿಂದ ಹೋಗುವ ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

“ಮೇಡಮ್ಮಾರ, ಅವತ್ತ ನಾ ನಿಮಗ ಸುಳ್ಳು ಹೇಳೀನ್ರಿ” ಎಂದಳು. ಇಷ್ಟು ದಿನ ಗೇಟಿನ ಹೊರಗಿದ್ದ ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. “ನಿಮ್ಮ ಟೆಸ್ಟ್‌ನ್ಯಾಗ ಬರೂ ನಂಬರ್ ಭಾಗಿಸೂದಲ್ಲ. ನಲವತ್ತಂದ್ರ ನಲವತ್ತ ಬರಬೇಕು. ನಿಮ್ಮ ಓಣ್ಯಾಗಿನ ಪೆಟ್ಟಿಗಿ ಕೆಟ್ಟೈತಿ. ಬರವಣಿಗ್ಯಾಗ ದೂರು ಕೊಡ್ರಿ, ಬಿಡಬ್ಯಾಡ್ರಿ.”

“ಮೂರು ವಾರ ಪಾಠ ನಿಲ್ಲಿಸ್ಬಿಟ್ಟಿದೀನಿ ಕಣ್ರೀ” ಎಂದು ಮಾತ್ರ ಹೇಳಿ ಯಮುನಾ ಫೋನ್ ಇಟ್ಟರು. ಆ ದನಿಯಲ್ಲಿ ಥ್ಯಾಂಕ್ಸ್ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಎರಡು ದಿನದ ನಂತರ ಪ್ರಸನ್ನ ಅದೇ ಮೀಟಿಂಗ್ ರೂಮಿನಲ್ಲಿ ಆ ರೆಕಾರ್ಡ್ ಹಾಕಿ ಎಲ್ಲರಿಗೂ ಕೇಳಿಸಿದ. “ಹೆಂಗೆ ಮಾತಾಡಬಾರದು ಅನ್ನೋದಕ್ಕೆ ಇದೇ ಸ್ಯಾಂಪಲ್” ಎಂದ. ‘ಮೇಡಮ್ಮಾರ’ ಎಂದದ್ದು ಕೇಳಿ ಎಲ್ಲರೂ ನಕ್ಕರು. ಅವಳ ಸುಳ್ಳಿಗಾಗಲಿ ನಿಜಕ್ಕಾಗಲಿ ಯಾರೂ ನಗಲಿಲ್ಲ, ಮಾತಿನ ಧಾಟಿಗೆ ನಕ್ಕರು. ಮಹಾನಂದಾ ಕೊರಳಲ್ಲಿದ್ದ ಐಡಿ ಕಾರ್ಡು ತೆಗೆದು, ಮೇಜಿನ ಮೇಲಿಟ್ಟು ಹೊರಬಿದ್ದಳು.

“ಅಂಥಾ ತಂಪನ್ನ ಕೆಲಸ ಯಾಕ ಬಿಟ್ಟಿ? ಯಾರರ ಏನರ ಅಂದ್ರೇನ?” ಎಂದು ಶೇಖವ್ವ ಗಾಬರಿಯಿಂದ ಕೇಳಿದಳು.

“ಯಾರೂ ಏನೂ ಅಂದಿಲ್ಲಕ್ಕ. ಹೇಸಿಕಿ ಬಂತು.”

“ಹೇಸಿಕಿ ಬಂತಂತ ಕೆಲಸ ಬಿಟ್ಟರ ಹೆಂಗವ್ವ? ದಿನಾ ಎಣ್ಣಿ ಮಸೀನ್ಯಾಗ ಕೈ ಹಾಕತೀನಿ, ನನಗ ಬರೂದಿಲ್ಲೇನ?”

“ನಿಂದು ತೊಳದರ ಹೋಗತೈತಿ” ಎಂದಳು ಮಹಾನಂದಾ. ಶೇಖವ್ವನಿಗೆ ಅರ್ಥವಾಗಲಿಲ್ಲ. ಆದರೆ ಮತ್ತೆ ಕೆದಕಲಿಲ್ಲ, ತಟ್ಟೆ ಹಾಕಿ ಊಟಕ್ಕೆ ಕರೆದಳು.

ಯಮುನಾ ದೂರು ಬರೆದು ಕೊಟ್ಟ ಮೇಲೆ ಆ ಬೀದಿಯ ಪೆಟ್ಟಿಗೆ ಬದಲಾಯಿತಂತೆ. ಹಳೆಯ ಆಫೀಸಿನ ಗೆಳತಿಯೊಬ್ಬಳು ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಹೇಳಿದಳು. ಉಳಿದ ಬೀದಿಗಳ ಮಾತು ಅವಳು ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಮಹಾನಂದಾ ಈಗ ಚಂದಾಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಗೆ ಬಂದವರ ಹೆಸರು ಕೂಗಿ ಒಳಗೆ ಕಳಿಸುವ ಕೆಲಸ ಮಾಡುತ್ತಾಳೆ. ತನ್ನೂರಿನ ಮಾತಿನಲ್ಲೇ ಕೂಗುತ್ತಾಳೆ. ಯಾರಾದರೂ ನಕ್ಕರೆ ತಿರುಗಿ ದಿಟ್ಟಿಸಿ ನೋಡುತ್ತಾಳೆ.