ಎರಡನೇ ತಪ್ಪಿನ ಮೇಡಂ

ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಬ್ಯಾಕ್ಟೀರಿಯಾ ಮೇಡಂ ಕೆಟ್ಟದ್ದನ್ನು ರಿಪೇರಿ ಮಾಡುವವರೇ ಅಲ್ಲ. ಒಂದು ಬಗೆಯ ಸಕ್ಕರೆ ಅರಗಿಸುವ ಜೀನಿನ ಸ್ವಿಚ್ಚು ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಬರೀ ಆ ಸಕ್ಕರೆಯನ್ನೇ ಬಡಿಸಿ, ಯಾವುದು ಬದುಕೀತೆಂದು ಅವು ಬೆಳೆಯುವ ಗಾಜಿನ ತಟ್ಟೆ ಕಾಯುತ್ತಾರೆ. ಕೋಟಿಗೊಂದು, ತನ್ನ ಜೀನುಗಳಲ್ಲೇ ಬೇರೆಲ್ಲೋ ಇನ್ನೊಂದು ತಪ್ಪು ಮಾಡಿಕೊಂಡು, ಸ್ವಿಚ್ಚು ಹಾಕಿಕೊಂಡು ಬೆಳೆದಿರುತ್ತದೆ. "ಬಂದ್ಯಾ ಕಳ್ಳಿ! ಎಲ್ಲಿ ಎಡವಿ ಎದ್ದೆ, ಹೇಳು," ಎಂದು ಅದರ ಬೆನ್ನು ಹತ್ತುತ್ತಾರೆ. ಆ ಎರಡನೇ ತಪ್ಪು ಸಿಕ್ಕರೆ ಸ್ವಿಚ್ಚಿನ ಗುಟ್ಟೆಲ್ಲ ರಟ್ಟು. ಮನೆಯಲ್ಲೂ ಇದೇ ಚಾಳಿ. ಒಂದು ಕಾಲು ಗಿಡ್ಡಾದ ಕುರ್ಚಿಗೆ ನೆಲದ ಉಬ್ಬೊಂದನ್ನು ಹುಡುಕಿಕೊಟ್ಟಿದ್ದಾರೆ. ಜೊತೆಗೆ ಹೊರಡಬೇಕಾದ ಗಂಡ ಯಾವಾಗಲೂ ಹತ್ತು ನಿಮಿಷ ತಡ. ಅದಕ್ಕೇ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟರು. "ಎರಡು ತಪ್ಪು ಸೇರಿದ್ರೆ ಬಸ್ಸು ಸಿಗತ್ತೆ ಕಣ್ರೀ!" ಗಂಡ ತೀರಿಕೊಂಡು ಎರಡು ವರ್ಷವಾಯಿತು. ಗಡಿಯಾರವನ್ನು ಮಾತ್ರ ಮುಟ್ಟಿಲ್ಲ. ದಿನಾ ಬಸ್ಸಿಗಿಂತ ಹತ್ತು ನಿಮಿಷ ಮೊದಲೇ ಹೋಗಿ, ಸ್ಟಾಪಿನಲ್ಲಿ ಒಬ್ಬರೇ ನಿಂತಿರುತ್ತಾರೆ.