ಹಾಥೋರ್ ದೇವಿಯ ಗಿಲಕಿ

ಐದನೆಯ ತಿಂಗಳಿಗೇ ನನ್ನ ಬಸಿರು ಹೋಯಿತು. ಎರಡು ವಾರ ಕಳೆದು ಮತ್ತೆ ಕೆಲಸಕ್ಕೆ ಹೊರಟೆ.

"ಇಷ್ಟ ಲಗೂ ಯಾಕ ಹೊಂಟಿ?" ಎಂದು ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳಿದಳು.

"ಮನ್ಯಾಗ ಕುಂತು ಏನ್ ಮಾಡ್ಲಿ?" ಅಂದೆ. ಮನೆ ಹತ್ತಿರದ ಪಿನ್ನರ್ ಸ್ಟೇಷನ್ನಿನಲ್ಲಿ ಟ್ಯೂಬ್ ರೈಲು ಹತ್ತಿದೆ. ಸೀಟು ಸಿಕ್ಕಿತು.

ನನ್ನದು ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಕೆಲಸ. ಬೇರೆ ಊರಿನ ಪ್ರದರ್ಶನಗಳಿಗೆ ಹೋಗುವ ಹಳೆಯ ವಸ್ತುಗಳನ್ನು ಪರೀಕ್ಷಿಸಿ ಪೆಟ್ಟಿಗೆಗೆ ಹಾಕಬೇಕು. ಅಂದು ಮೇಜಿನ ಮೇಲಿದ್ದದ್ದು ಪುರಾತನ ಈಜಿಪ್ಟಿನ ಸಿಸ್ಟ್ರಮ್. ಗೇಣುದ್ದದ ಕಂಚಿನ ಗಿಲಕಿ ಎನ್ನಬಹುದು. ಹಿಡಿಕೆಯ ಮೇಲೆ ಹಸುವಿನ ಕಿವಿಯ ದೇವಿಯ ಮುಖ, ಅದರ ಮೇಲೊಂದು ಕಮಾನು, ಕಮಾನಿಗೆ ಅಡ್ಡಲಾಗಿ ಮೂರು ಸಡಿಲ ಸರಳು. ಗುಡಿಯಲ್ಲಿ ಹೆಂಗಸರು ಇದನ್ನು ಅಲ್ಲಾಡಿಸಿ ಹಾಥೋರ್ ದೇವಿಯ ಸಿಟ್ಟು ಇಳಿಸುತ್ತಿದ್ದರಂತೆ. ದಾರಿಯಲ್ಲಿ ಅದು ಅಲುಗದಂತೆ ಸರಳುಗಳ ಸುತ್ತ ತೆಳುಕಾಗದ ತುರುಕಬೇಕಿತ್ತು.

ನನ್ನ ಜೊತೆಗಿದ್ದ ಹಿರಿಯ ಸಹೋದ್ಯೋಗಿಗೆ ನಾನು ಕಾಯಿಲೆ ಬಿದ್ದಿದ್ದೆ ಎಂದಷ್ಟೇ ಗೊತ್ತು. ಆಕೆ ದೀಪ ಹತ್ತಿರ ಎಳೆದು, "ಬಸುರಿಯರನ್ನು ಕಾಯುವವಳೂ ಇವಳೇ," ಎಂದಳು, ಆ ಮುಖ ತೋರಿಸಿ.

"ಗೊತ್ತು," ಅಂದೆ.

ಆಗಲೇ ನನ್ನ ಕೈ ಜಾರಿತು. ಒಂದು ಸರಳು ಸರಿದು ಕಿಣಿ ಎಂದಿತು. ಸಣ್ಣ, ಒಣ ಸದ್ದು. ಇಬ್ಬರೂ ಭೂತಗನ್ನಡಿ ಹಿಡಿದು ನೋಡಿದೆವು, ಏನೂ ಮುರಿದಿರಲಿಲ್ಲ. ಆದರೂ ಬರೆದಿಡಬೇಕು. 'ನಡುವಿನ ಸರಳು ಚಲಿಸಿದೆ, ಹಾನಿ ಇಲ್ಲ' ಎಂದು ಬರೆದು ಸಹಿ ಮಾಡಿದೆ. ಹೆದರಿಕೆ ಆಗಬೇಕಿತ್ತು, ಅಳುವಾದರೂ ಬರಬೇಕಿತ್ತು. ಕೈಗವಸಿನೊಳಗೆ ಬೆರಳು ಬೆವೆತದ್ದು ಮಾತ್ರ ತಿಳಿಯಿತು.

"ನಿನಗೆ ಹುಷಾರಿದೆಯಾ?" ಆಕೆ ಕೇಳಿದಳು.

"ಮಗು ಹೋಯಿತು," ಅಂದೆ. ಬಸ್ಸು ಹೋಯಿತು ಎನ್ನುವ ಹಾಗೆ ಬಂತು ಮಾತು.

ಆಕೆ ತನ್ನ ಕೈಗವಸು ಬಿಚ್ಚಿದಳು, ಆಮೇಲೆ ನನ್ನವನ್ನೂ. ಚಹಾ ತಂದುಕೊಟ್ಟಳು. ಉಳಿದ ಕಾಗದವನ್ನು ತಾನೇ ತುರುಕಿ ಮುಚ್ಚಳ ಹಾಕಿದಳು. ಸಂಜೆ ಗಂಡ ಅನ್ನ-ಸಾರು ಬಡಿಸುತ್ತ, "ಏನಾತು ಇವತ್ತ?" ಎಂದ. "ಏನಿಲ್ಲ," ಅಂದೆ.

ಮರುದಿನದಿಂದ ಆ ಹಿರಿಯ ಸಹೋದ್ಯೋಗಿ ನನಗೆ ಸದ್ದು ಮಾಡದ ಮಣ್ಣಿನ ಮಡಕೆಗಳ ಕೆಲಸ ಹಚ್ಚಿದಳು. ಎರಡು ತಿಂಗಳು ಅವಕ್ಕೆ ಚೀಟಿ ಕಟ್ಟುತ್ತ ಕೂತೆ.