ಹಕ್ಕಿಗೆ ಬಿಟ್ಟ ಹೊಲ

ಹಂಗಳದ ಹಾದಿಯಲ್ಲಿ ಚೆಂಡುಹೂವಿನ ಹೊಲಗಳ ನಡುವೆ ಸೊಂಟದೆತ್ತರ ಹುಲ್ಲು ಬೆಳೆದ ಹೊಲವೊಂದು ಕಂಡರೆ ಅದು ರಂಗನಾಯಕನದೆಂದು ತಿಳಿಯಬೇಕು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಅಳಿದುಹೋಗುತ್ತಿವೆ ಎಂದು ಯಾರೋ ಹೇಳಿದ್ದಕ್ಕೇ, ಯಾರೂ ಕೇಳದಿದ್ದರೂ ಉಳುಮೆ ನಿಲ್ಲಿಸಿದವನು ಅವನು. ಹಕ್ಕಿ ಕಾವು ಕೂತರೆ ಸಾಕು, ಮನೆಯಲ್ಲಿ ಬಾಣಂತಿ ಇದ್ದವನ ಹಾಗೆ ಆಡುತ್ತಾನೆ. ಬದುವಿನ ಮೇಲೆ ಬೀಡಿ ಸೇದುವಂತಿಲ್ಲ, ಕೆಮ್ಮು ಬಂದರೆ ರಸ್ತೆಗೆ ಹೋಗಿ ಕೆಮ್ಮಬೇಕು. ಪಕ್ಕದ ಹೊಲದ ಶಶಿಕುಮಾರ ಟ್ರ್ಯಾಕ್ಟರ್ ತಂದರೆ ಎದುರಿಗೇ ಓಡುತ್ತಾನೆ: “ಸದ್ದು ಮಾಡ್ಬ್ಯಾಡ ಕಣ್ಲಾ, ಮೊಟ್ಟೆ ಅವೆ!” “ಟ್ರ್ಯಾಕ್ಟರ್ನ ತಲೆ ಮ್ಯಾಲೆ ಒತ್ಕೊಂಡೋಗನಾ?” ಎಂದು ಶಶಿಕುಮಾರ ನಗುತ್ತಾನೆ. ನಾವೂ ನಗುತ್ತಿದ್ದೆವು, ಹೋದ ಮುಂಗಾರಿನಲ್ಲಿ ರಂಗನಾಯಕನ ಅವ್ವ ತೀರಿಕೊಳ್ಳುವವರೆಗೆ. ಅವನ ಅಪ್ಪನ ಸಮಾಧಿ ಇರುವುದು ಆ ಹುಲ್ಲಿನ ನಡುವೆಯೇ. “ನನ್ನೂ ನಿಮ್ಮಪ್ಪನ ಪಕ್ಕದಲ್ಲೇ ಮಡಗ್ಬುಡಪ್ಪ” ಎಂದು ಆಕೆ ಹೇಳುತ್ತಲೇ ಇದ್ದಳು. ಆದರೆ ಸಮಾಧಿಯ ಬುಡದಲ್ಲಿ ಹಕ್ಕಿ ಕಾವು ಕೂತಿತ್ತು. “ಇಷ್ಟು ಜನ ತುಳುದ್ರೆ ಮೊಟ್ಟೆ ಉಳುದದಾ? ಅವ್ವ ಏನೂ ಅನ್ಕಳಕಿಲ್ಲ ಬುಡಿ” ಎಂದು ಅವನು ಊರ ಸ್ಮಶಾನದಲ್ಲೇ ಮಣ್ಣು ಮಾಡಿದ. ನಾವೆಲ್ಲ ಅಲ್ಲಿದ್ದಾಗ ಹಕ್ಕಿಯ ಫೋಟೊ ತೆಗೆಯಲು ಯಾರೋ ಹುಲ್ಲಿನೊಳಗೆ ಕಾರು ನುಗ್ಗಿಸಿದ್ದರು. ತಿರುಗಿಸಿಕೊಂಡು ಹೋಗುವಾಗ ಗೂಡಿನ ಮೇಲೆಯೇ ಚಕ್ರ ಹತ್ತಿಸಿದ್ದರು. ಆ ಫೋಟೊ ಈಗ ಊರಿನ ಎಲ್ಲರ ಮೊಬೈಲಿನಲ್ಲಿದೆ. ಬಹಳ ಚೆನ್ನಾಗಿ ಬಂದಿದೆ: ಕಾವು ಕೂತ ಹಕ್ಕಿ, ಅದರ ಹಿಂದೆ ಅಪ್ಪನ ಸಮಾಧಿ, ಸಮಾಧಿಯ ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಖಾಲಿ ಜಾಗ.